ಹತ್ತನೆಯ ದಿನಕ್ಕೆ ಒಂದು ಕಾಗೆ

ನನ್ನ ಅಕ್ಕ ಗಿರಿಜಮ್ಮ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಶಿವರಾತ್ರಿ ಕಳೆದ ನಾಲ್ಕನೆಯ ದಿನ, ಬೆಳಗಿನ ಆರೂವರೆಗೆ. ವಿಜಯವಾಡದ ಬೆಂಜ್ ಸರ್ಕಲಿನ ಹಿಂದಿರುವ ನನ್ನ ಮನೆಯಲ್ಲಿ ನಾನು ಸಂಧ್ಯಾವಂದನೆ ಮುಗಿಸಿ ಏಳುವಷ್ಟರಲ್ಲಿ ಫೋನು ಬಂತು. ಮಾಡಿದವನು ಅಕ್ಕನ ಮಗ ತಿರುಮಲೇಶ್, ವಿಶಾಖಪಟ್ಟಣದಿಂದ.

"ಮಾವ, ಕೋಳಿಗೆ ನೀರಿಟ್ಟೆ," ಎಂದ.

"ಒಳ್ಳೇದಾಯ್ತು," ಎಂದೆ.

"ಬದನೆ ಸಸಿಗೂ ಹಾಕ್ದೆ. ಹೀರೆ ಇನ್ನೂ ಎರಡೇ ಎಲೆ ಬಿಟ್ಟಿದೆ. ಚಪ್ಪರ ಕಟ್ಬೇಕು."

"ಕಟ್ಟಪ್ಪ."

"ಕನಕಾ ಕಾಫಿ ಮಾಡಿದ್ಲು. ಅಮ್ಮನಿಗೆ ಕೊಡೋಣ ಅಂತ ಹೋದೆ."

ಅಷ್ಟಕ್ಕೇ ಫೋನು ಇಟ್ಟ. ನಾನು ರೈಲಿನ ವೇಳೆ ನೋಡಲು ಎದ್ದೆ. ಅರುವತ್ತು ವರ್ಷಗಳಲ್ಲಿ ತಿರುಮಲೇಶ್ ಯಾವ ಸಂಗತಿಯನ್ನೂ ನೇರವಾಗಿ ಹೇಳಿದವನಲ್ಲ. ಹಿಂದೆ ತನ್ನ ಮದುವೆ ಗೊತ್ತಾದಾಗ ತುಮಕೂರಿನಲ್ಲಿದ್ದ ತಾಯಿಗೆ ಬರೆದ ಕಾಗದದಲ್ಲಿ ಎರಡು ಪುಟ ಅನಕಾಪಲ್ಲಿಯ ಬೆಲ್ಲದ ಗುಣಗಳನ್ನು ವರ್ಣಿಸಿ, ಕೊನೆಯ ಸಾಲಿನಲ್ಲಿ, ಹುಡುಗಿ ತೆಲುಗಿನವಳು, ಹೆಸರು ಕನಕಲಕ್ಷ್ಮಿ ಎಂದು ಸೇರಿಸಿದ್ದ.

ಅಕ್ಕನಿಗೆ ಎಂಬತ್ತನಾಲ್ಕು ತುಂಬಿತ್ತು. ನಿದ್ದೆಯಲ್ಲಿಯೇ ಹೋಗಿದ್ದಳು. ಭಗವಂತ ಎಲ್ಲರನ್ನೂ ಹಾಗೆ ಕರೆದುಕೊಳ್ಳುವುದಿಲ್ಲ. ಸಂಜೆಯೊಳಗೆ ದಹನವಾಯಿತು. ಹತ್ತು ದಿನ ಮುಗಿಯುವವರೆಗೆ ನಾನು ಅಲ್ಲಿಯೇ ಉಳಿದೆ.

ತಿರುಮಲೇಶನ ಮನೆ ದ್ವಾರಕಾ ನಗರದ ಒಂದು ಬ್ಯಾಂಕಿನ ಬೆನ್ನಿಗಿರುವ ಗಲ್ಲಿಯಲ್ಲಿದೆ. ಸುತ್ತ ಎಲ್ಲರೂ ಅಪಾರ್ಟ್‌ಮೆಂಟು ಕಟ್ಟಿಕೊಂಡ ಮೇಲೆ ಅಂಗಳ ಉಳಿದಿರುವುದು ಆ ಒಂದು ಮನೆಗೆ ಮಾತ್ರ. ಅವನು ಬ್ಯಾಂಕಿನಲ್ಲಿ ಹನ್ನೊಂದು ವರ್ಷ ಕೃಷಿ ಸಾಲದ ವಿಭಾಗದಲ್ಲಿದ್ದವನು. ರೈತರ ಅರ್ಜಿಗಳನ್ನು ಓದಿ ಓದಿ ಕೃಷಿ ತನಗೆ ಬರುತ್ತದೆ ಎಂಬ ನಂಬಿಕೆ ಅವನಲ್ಲಿ ಬೇರೂರಿತ್ತು. ನಿವೃತ್ತನಾದ ಮೇಲೆ, ಈ ವರ್ಷ ಸಂಕ್ರಾಂತಿ ಕಳೆದದ್ದೇ ತಡ, ಅಂಗಳವನ್ನು ಅಗೆದು ಪಾತಿ ಮಾಡಿದ. ಬದನೆ, ಟೊಮೇಟೊ, ಬೆಂಡೆ, ಹೀರೆ, ಗೋಂಗೂರ ಎಂಬ ಪುಂಡಿಸೊಪ್ಪು ಹಾಕಿದ. ಅಷ್ಟಕ್ಕೇ ನಿಲ್ಲದೆ ನಾಲ್ಕು ನಾಟಿ ಕೋಳಿಗಳನ್ನೂ ಎಂಟು ಮರಿಗಳನ್ನೂ ತಂದ.

ನಮ್ಮ ವಂಶದಲ್ಲಿ ಕೋಳಿ ಸಾಕಿದವರು ಅದಕ್ಕೆ ಮುಂಚೆ ಯಾರೂ ಇಲ್ಲ. ನೆಂಟರು ಒಬ್ಬೊಬ್ಬರಾಗಿ ಫೋನು ಮಾಡಿ ವಿಚಾರಿಸಿದರು. ಎಲ್ಲರಿಗೂ ತಿರುಮಲೇಶನದು ಒಂದೇ ಉತ್ತರ: "ಮೊಟ್ಟೆಗಲ್ಲ, ಗೊಬ್ಬರಕ್ಕೆ." ಈ ತೀರ್ಮಾನವನ್ನು ಕೋಳಿಗಳಿಗೆ ಯಾರೂ ತಿಳಿಸಿರಲಿಲ್ಲ; ಅವು ಮೊಟ್ಟೆ ಇಟ್ಟವು. ಮೊಟ್ಟೆ ಹೊಸ್ತಿಲು ದಾಟಿದರೆ ತಾನು ಹೊಸ್ತಿಲು ದಾಟುವೆನೆಂದು ಕನಕಲಕ್ಷ್ಮಿ ಹೇಳಿದಳು. ಆದ್ದರಿಂದ ಮೊಟ್ಟೆಗಳು ದಿನವೂ ಕಾಂಪೌಂಡು ಗೋಡೆಯ ಮೇಲಿನಿಂದ ಪಕ್ಕದ ಮನೆಯ ರಾಮಮೋಹನ್ ಗಾರು ಅವರ ಕೈಗೆ ಹೋಗತೊಡಗಿದವು. ಆ ಗೃಹಸ್ಥರು ನಿವೃತ್ತ ರೈಲ್ವೆ ಗಾರ್ಡು, ಬೀದಿಯ ಸಂಘದ ಅಧ್ಯಕ್ಷರು. ಕೋಳಿ ಸಾಕುವುದರ ವಿರುದ್ಧ ಸಂಘದಲ್ಲಿ ಬಂದ ನಿರ್ಣಯವನ್ನು ಅವರು ಎರಡು ಸಲ ಮುಂದೂಡಿದರು.

ತೊಂದರೆ ಬಂದದ್ದು ಕಾಗೆಗಳಿಂದ. ಅವು ಸಸಿಗಳನ್ನು ಕಿತ್ತವು, ಎರಡು ಮರಿಗಳನ್ನು ಎತ್ತಿಕೊಂಡು ಹೋದವು. ತಿರುಮಲೇಶ್ ನನಗೆ ಫೋನು ಮಾಡಿದ. ನಾನು ವಿಜಯವಾಡದ ಆಟೋನಗರದ ಒಂದು ಲಾರಿ ಬಾಡಿ ಕಟ್ಟುವ ಷೆಡ್ಡಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು. ಅಲ್ಲಿ ಒಡೆದ ಲಾರಿ ಕನ್ನಡಿಗಳಿಗೆ ಬರವಿಲ್ಲ. ಒಂದು ಗೋಣಿಚೀಲದ ತುಂಬ ಕನ್ನಡಿ ಕಟ್ಟಿಸಿ ಬಸ್ಸಿನ ಪಾರ್ಸಲಿನಲ್ಲಿ ಕಳುಹಿಸಿದೆ. ಮುಂದೆ ನಡೆದುದರಲ್ಲಿ ನನ್ನ ಪಾಲೂ ಇದೆ ಎಂಬುದನ್ನು ಮುಚ್ಚಿಡುವುದು ಧರ್ಮವಲ್ಲ.

ಕನ್ನಡಿಗಳನ್ನು ಅವನು ಅಂಗಳದ ಉದ್ದಗಲಕ್ಕೂ ಹಗ್ಗ ಕಟ್ಟಿ ತೂಗುಹಾಕಿದ. ಸಮುದ್ರದ ಗಾಳಿಗೆ ಅವು ದಿನವಿಡೀ ತಿರುಗಿದವು. ಎದುರು ಮನೆಯವರೊಬ್ಬರು ಗಡ್ಡ ಮಾಡಿಕೊಳ್ಳುವಾಗ ಕಣ್ಣು ಕೋರೈಸಿ ಅರ್ಧ ಮೀಸೆ ಕಳೆದುಕೊಂಡರು. ಮೂರನೆಯ ದಿನಕ್ಕೆ ಗಲ್ಲಿಯಲ್ಲಿ ಒಂದು ಕಾಗೆಯೂ ಉಳಿಯಲಿಲ್ಲ.

ನನ್ನ ಅಕ್ಕನಿಗೆ ಒಂದು ರೂಢಿ ಇತ್ತು. ಬೆಳಿಗ್ಗೆ ಅನ್ನ ಆದ ಕೂಡಲೇ ಒಂದು ಹಿಡಿ ತೆಗೆದು ಗೋಡೆಯ ಮೇಲಿಟ್ಟು, ಕಾಗೆ ಮುಟ್ಟಿದ ಮೇಲೆಯೇ ಅವಳ ಊಟ. ಅದು ಅತ್ತೆಯ ಮನೆಯಲ್ಲಿ ಕಲಿತದ್ದು. ಅರುವತ್ತು ವರ್ಷ ಬಿಟ್ಟಿರಲಿಲ್ಲ. ಕನ್ನಡಿ ಬಂದ ಮೇಲೆ ಅವಳು ಅನ್ನ ಇಟ್ಟು ಕಾದಳು. ಕಾಗೆ ಬರಲಿಲ್ಲ.

"ಕಾಗೆ ಯಾಕೋ ಬರ್ತಿಲ್ವಲ್ಲೋ?" ಎಂದು ಮಗನನ್ನು ಕೇಳಿದಳಂತೆ.

"ಈಗ ಸೀಸನ್ ಅಲ್ಲಮ್ಮ," ಎಂದನಂತೆ ಮಗ.

ಅವಳು ನಂಬಿದಳು. ಒಂದು ತಿಂಗಳು ದಿನವೂ ಅನ್ನವಿಟ್ಟು, ಕಾದು, ತಣ್ಣಗಾದದ್ದನ್ನು ಕೋಳಿಗೆ ಹಾಕಿ ಆಮೇಲೆ ಉಂಡಳು. ಆಮೇಲೆ ಹೋದಳು.

ಒಂಬತ್ತನೆಯ ದಿನ ಪುರೋಹಿತರು ಭಾನುಪ್ರಕಾಶ್ ಶಾಸ್ತ್ರಿಗಳು ಬಂದರು. ಮರುದಿನದ ಕರ್ಮವನ್ನು ಛತ್ರದಲ್ಲಿ ಮಾಡುವುದೋ ಅಂಗಳದಲ್ಲಿ ಮಾಡುವುದೋ ಎಂಬ ಪ್ರಶ್ನೆಯನ್ನು ಎಲ್ಲ ದೃಷ್ಟಿಯಿಂದಲೂ ಪರಿಶೀಲಿಸಿ, ಛತ್ರದ ಮುಂದೆ ಕಾರು ನಿಲ್ಲಿಸಲು ಜಾಗವಿಲ್ಲವಾದ್ದರಿಂದ ಅಂಗಳವೇ ಶ್ರೇಷ್ಠವೆಂದು ತೀರ್ಮಾನಿಸಿದರು. ಹೊರಡುವಾಗ ಬಾಗಿಲಲ್ಲಿ ನಿಂತು, "ಇಲ್ಲಿಗೆ ಕಾಗೆಗಳು ಬರುತ್ತವೆ ಕದಂಡಿ, ಅಲ್ಲವೇನ್ರೀ?" ಎಂದು ಕೇಳಿದರು.

ತಿರುಮಲೇಶ್ ನನ್ನನ್ನು ನೋಡಿದ. ನಾನು ಕನ್ನಡಿಗಳನ್ನು ನೋಡಿದೆ. ಪ್ರತಿ ಕನ್ನಡಿಯಲ್ಲೂ ಒಬ್ಬ ತಿರುಮಲೇಶ್ ಇದ್ದ; ಎಲ್ಲರೂ ಬಿಳಿಚಿಕೊಂಡಿದ್ದರು.

"ಬರದಿದ್ರೆ ಏನಾಗುತ್ತೆ ಶಾಸ್ತ್ರಿಗಾರೂ?"

"ಆಗೋದೇನು? ಪಿಂಡ ಕಾಗೆ ಮುಟ್ಟಲಿಲ್ಲ ಅಂದರೆ ಹೋದವರಿಗೆ ತೃಪ್ತಿ ಇಲ್ಲ ಅಂತ. ಮುಟ್ಟುವವರೆಗೆ ಕರ್ತೃ ಉಪವಾಸ ಕಾಯಬೇಕು. ಹೋದ ವರ್ಷ ಗಾಜುವಾಕದಲ್ಲಿ ಒಬ್ಬರು ಸಂಜೆ ನಾಲ್ಕರವರೆಗೆ ಕಾದು ಬಿದ್ದುಹೋದರು," ಎಂದು ಹೇಳಿ ಶಾಸ್ತ್ರಿಗಳು ಸಮಾಧಾನದಿಂದ ಕಾರು ಹತ್ತಿದರು.

ತಿರುಮಲೇಶ್ ಕನ್ನಡಿಗಳನ್ನು ಬಿಚ್ಚತೊಡಗಿದ. ಎಲ್ಲವನ್ನೂ ಮೂಲೆಗೆ ರಾಶಿ ಹಾಕಿದ ಮೇಲೆ ನನ್ನ ಹತ್ತಿರ ಬಂದ.

"ಅಮ್ಮ ಒಂದು ತಿಂಗ್ಳು ಕಾದ್ಲು ಮಾವ. ನಾನು ಸೀಸನ್ ಅಲ್ಲ ಅಂದೆ. ನಾಳೆ ಅವಳ ಅನ್ನಾನೂ ಹಾಗೇ ತಣ್ಣಗಾದ್ರೆ ನಾನು ಏನು ಮಗ?"

ಕಾಗೆ ಹುಡುಕು ಎಂದೆ.

ಅವನು ಹುಡುಕಲು ಹೊರಟ. ಸೂತಕವಾದ್ದರಿಂದ ಯಾರ ಮನೆಯೊಳಗೂ ಹೋಗುವಂತಿಲ್ಲ, ಯಾರನ್ನೂ ಮುಟ್ಟುವಂತಿಲ್ಲ. ಹೆಗಲಿಗೆ ಒದ್ದೆ ಪಂಚೆ ಹಾಕಿಕೊಂಡು ಒಂದೊಂದು ಗೇಟಿನಿಂದಲೂ ಎರಡು ಮಾರು ದೂರ ನಿಂತು ಕೂಗಿ ಕೇಳಿದ. ನೇರವಾಗಿ ಹೇಳುವ ಅಭ್ಯಾಸವಿಲ್ಲದವನು, ಕೇಳಿದ್ದು ಹೀಗೆ:

"ನಮ್ಮ ಕೋಳಿಗಳು ಚೆನ್ನಾಗಿವೆ ಅಂಡಿ! ಹತ್ತಿರ ಬರಬೇಡಿ, ನಾಳೆವರೆಗೆ ನನ್ನನ್ನ ಮುಟ್ಟಬಾರದು! ಬೀದೀಲಿ ಬದುಕಿರೋ ಕಾಗೆ ಒಂದಾದ್ರೂ ಕಂಡ್ರಾ?"

ಹಳಬರು ಸೂತಕವೆಂದು ತಿಳಿದರು. ಆದರೆ ಎದುರಿನ ಅಪಾರ್ಟ್‌ಮೆಂಟಿಗೆ ಹೋದ ವಾರವಷ್ಟೇ ಬಂದ ದಂಪತಿಗಳಿಗೆ ಅಕ್ಕ ಹೋದ ವಿಷಯವೇ ಗೊತ್ತಿರಲಿಲ್ಲ. ಅವರು ಬಾಲ್ಕನಿಯಿಂದ ಆಕಾಶ ನೋಡಿದರು. ಕಾಗೆ ಇರಲಿಲ್ಲ. ಎಲ್ಲೋ ಕೋಳಿ ಫಾರಂಗಳಲ್ಲಿ ಹಕ್ಕಿಜ್ವರ ಎಂದು ಅಂದಿನ ಪತ್ರಿಕೆಯಲ್ಲಿ ಬಂದಿತ್ತು. ಐದು ನಿಮಿಷದಲ್ಲಿ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹೊರಟಿತು: ಕೋಳಿಯವರ ಮನೆಯಲ್ಲಿ ರೋಗ, ಕಾಗೆಗಳೆಲ್ಲ ಸತ್ತಿವೆ, ಮನೆ ಯಜಮಾನರು ತಾವೇ ದೂರ ನಿಂತು ಎಚ್ಚರಿಸುತ್ತಿದ್ದಾರೆ, ಪಾಪ, ಒಳ್ಳೆಯವರು.

ಆಗ ಬೀದಿಯವರೆಲ್ಲ ಲೆಕ್ಕ ಹಾಕಿದರು. ಕಾಗೆ ಕೂಗಿ ತಿಂಗಳಾಯಿತು ಎಂಬುದು ಎಲ್ಲರಿಗೂ ಒಟ್ಟಿಗೆ ಹೊಳೆಯಿತು. ಹಳಬರೂ ಈಗ ಸೂತಕವನ್ನು ಮರೆತರು. ಹಾಲಿನವನು ಪ್ಯಾಕೆಟ್ಟನ್ನು ಗೇಟಿನಿಂದ ಎಸೆದು ಹೋದ. ಸಂತಾಪ ಹೇಳಲು ಬಂದ ಇಬ್ಬರು ಮೂಗಿಗೆ ಕರವಸ್ತ್ರ ಹಿಡಿದು ರಸ್ತೆಯ ಆಚೆ ಬದಿಯಿಂದಲೇ ಸಂತಾಪ ಹೇಳಿದರು. ನಾಲ್ಕು ಗಂಟೆಯ ಹೊತ್ತಿಗೆ ಸುದ್ದಿ ಇನ್ನೂ ಬೆಳೆದು, ಗಿರಿಜಮ್ಮನವರು ಹೋದದ್ದೂ ಇದರಿಂದಲೇ ಎಂದಾಯಿತು.

ರಾಮಮೋಹನ್ ಗಾರು ಗೋಡೆಯ ಮೇಲಿನಿಂದ ತಲೆ ಎತ್ತಿದರು. ಮುಖದ ಮೇಲೆ ಎರಡು ಮಾಸ್ಕು.

"ತಿರುಮಲೇಶ್ ಗಾರೂ, ನೆರೆಯವರು ಅಂತ ಕೇಳ್ತೇನೆ, ನಿಜ ಹೇಳಿ. ಬೆಳಿಗ್ಗೆ ಗೋಡೆ ಮೇಲಿಟ್ಟ ಎರಡು ಮೊಟ್ಟೆ ಆಮ್ಲೆಟ್ ಮಾಡಿ ತಿಂದಿದ್ದೇನೆ. ನನಗಿನ್ನು ಎಷ್ಟು ದಿನ ಇದೆ?"

"ನಮ್ಮ ಕೋಳೀಗೆ ಏನೂ ಆಗಿಲ್ಲ ಅಂಡಿ."

"ನೀವು ತಿನ್ನಲ್ಲ, ನಿಮಗೆ ಧೈರ್ಯ. ಅಮ್ಮಗಾರು ಹೇಗೆ ಹೋದ್ರು?"

ಕನಕಲಕ್ಷ್ಮಿ ಅಡುಗೆಮನೆಯಿಂದ ಹೊರಗೆ ಬಂದಳು. "ಎಂಬತ್ತನಾಲ್ಕಕ್ಕೆ ಹೋಗೋಕೆ ರೋಗ ಬೇಕಾ ಅನ್ನಯ್ಯಗಾರೂ? ನಿಮಗೆ ಎಪ್ಪತ್ತೆರಡು ಅಲ್ವಾ? ಕಾಯಿರಿ, ಗೊತ್ತಾಗುತ್ತೆ."

ಅವರ ತಲೆ ಗೋಡೆಯ ಆಚೆಗೆ ಇಳಿಯಿತು. ಸಂಘದ ಅಧ್ಯಕ್ಷರ ಸಹಿಯಿರುವ ದೂರು ಅಂದು ಸಂಜೆಯೇ ಪಶುಸಂಗೋಪನೆ ಇಲಾಖೆಗೆ ಹೋಯಿತು.

ಹತ್ತನೆಯ ದಿನ ತಿರುಮಲೇಶ್ ತಲೆ ಬೋಳಿಸಿಕೊಂಡು, ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲಿ ಬದನೆಯ ಪಾತಿಗೂ ಹೀರೆಯ ಪಾತಿಗೂ ನಡುವೆ ಕುಳಿತ. ಕರ್ಮ ನಡೆಯಿತು. ಶಾಸ್ತ್ರಿಗಳು ಪಿಂಡವನ್ನು ಬಾಳೆ ಎಲೆಯ ಮೇಲಿಡಿಸಿ, "ಎಲ್ಲರೂ ಹಿಂದೆ ಸರಿಯಿರಿ, ಕಾಗೆಗೆ ಜಾಗ ಬಿಡಿ," ಎಂದರು. ನಾವು ಸರಿದೆವು. ಆಕಾಶ ನೋಡಿದೆವು. ಆಗ ಗೇಟು ತೆರೆಯಿತು. ಒಳಗೆ ಬಂದದ್ದು ಕಾಗೆಯಲ್ಲ, ಅಡಿಯಿಂದ ಮುಡಿಯವರೆಗೆ ಬಿಳಿಯ ಉಡುಪು ತೊಟ್ಟ ಮೂವರು. ಮುಂದಿದ್ದವರು ಪಶುವೈದ್ಯೆ, ಡಾಕ್ಟರ್ ಸಾಯಿಪ್ರಿಯಾ.

"ಯಾರೂ ಅಲುಗಾಡಬೇಡಿ! ನಮ್ಮನ್ನ ಯಾರೂ ಮುಟ್ಟಬೇಡಿ!" ಎಂದರು ಡಾಕ್ಟರ್.

"ನೀವೇ ಮುಟ್ಟಬೇಡಿ ತಾಯೀ! ಕರ್ತೃವನ್ನ ಮುಟ್ಟಬಾರದು!" ಎಂದರು ಶಾಸ್ತ್ರಿಗಳು.

ವಿಜ್ಞಾನಕ್ಕೂ ಶಾಸ್ತ್ರಕ್ಕೂ ಇಷ್ಟು ಸಂಪೂರ್ಣವಾದ ಒಮ್ಮತ ನಾನು ಬೇರೆಲ್ಲೂ ಕಂಡಿಲ್ಲ. ಎರಡು ಕಡೆಯವರೂ ಒಂದೊಂದು ಹೆಜ್ಜೆ ಹಿಂದೆ ಸರಿದರು.

"ಸತ್ತ ಕಾಗೆಗಳು ಎಲ್ಲಿ?" ಎಂದು ಡಾಕ್ಟರ್ ಕೇಳಿದರು.

"ಸತ್ತದ್ದು ಇಲ್ಲ ಮೇಡಂ," ಎಂದ ತಿರುಮಲೇಶ್.

"ಹಾಗಾದರೆ ಬದುಕಿರೋವು?"

"ಅವೂ ಇಲ್ಲ ಮೇಡಂ."

"ಸತ್ತದ್ದೂ ಇಲ್ಲ, ಬದುಕಿದ್ದೂ ಇಲ್ಲ. ಮತ್ತೆ ಏನಿದೆ ನಿಮ್ಮಲ್ಲಿ?"

"ಬದನೆ, ಟೊಮೇಟೊ, ಹೀರೆ..." ಎಂದು ತಿರುಮಲೇಶ್ ಹೇಳತೊಡಗಿದ.

ಅಷ್ಟರಲ್ಲಿ ಬಿಳಿ ಉಡುಪಿನವರಲ್ಲಿ ಒಬ್ಬ ಕೋಳಿಗೂಡಿನ ಬಾಗಿಲು ತೆರೆದ. ಅಂಥ ಆಕೃತಿಯನ್ನು ಆ ಕೋಳಿಗಳು ಜನ್ಮದಲ್ಲಿ ನೋಡಿರಲಿಲ್ಲ. ದೊಡ್ಡವು ನಾಲ್ಕೂ ಅವನ ಕಾಲುಗಳ ನಡುವೆ ನುಗ್ಗಿ, ಗೋಂಗೂರದ ಪಾತಿ ಹಾರಿ, ನೇರ ಬಾಳೆ ಎಲೆಯ ಮುಂದೆ ಬಂದು ನಿಂತವು. ಒಂದು ತಿಂಗಳು ಗೋಡೆಯ ಮೇಲಿನ ಅನ್ನ ತಿಂದು ಬೆಳೆದ ಕೋಳಿಗಳು. ಅನ್ನ ಕಂಡರೆ ಯಾರದೆಂದು ವಿಚಾರಿಸುವ ಪದ್ಧತಿ ಅವಕ್ಕಿರಲಿಲ್ಲ.

"ಅಯ್ಯೋ ಅತ್ತಯ್ಯಾ!" ಎಂದು ಕನಕಲಕ್ಷ್ಮಿ ಕೂಗಿದಳು.

ಯಾರು ಯಾರನ್ನು ಮುಟ್ಟಬಹುದು ಎಂದು ತಿಳಿಯದೆ ಒಂಬತ್ತು ಜನ ಇದ್ದಲ್ಲೇ ನಿಂತೆವು. ಪಿಂಡ ಮುಗಿಯಿತು.

ಡಾಕ್ಟರ್ ಮಾತ್ರ ಮೆಚ್ಚುಗೆಯಿಂದ ನೋಡಿದರು. "ಹಸಿವು ಚೆನ್ನಾಗಿದೆ. ರೋಗ ಬಂದ ಕೋಳಿ ಹೀಗೆ ತಿನ್ನಲ್ಲ. ಏನದು ಆಹಾರ?"

"ಪಿತೃಗಳ ಪಾಲು!" ಎಂದರು ಶಾಸ್ತ್ರಿಗಳು, ಕಂಪಿಸುವ ಧ್ವನಿಯಲ್ಲಿ.

ಡಾಕ್ಟರ್ ಪೆನ್ನು ಹಿಡಿದು ಸ್ವಲ್ಪ ಯೋಚಿಸಿ, "ಅನ್ನ, ಎಳ್ಳು," ಎಂದು ಬರೆದುಕೊಂಡರು. ಕೋಳಿಗಳ ಗಂಟಲಿನಿಂದ ಮಾದರಿ ತೆಗೆದರು. ಮೂಲೆಯಲ್ಲಿದ್ದ ಕನ್ನಡಿಯ ರಾಶಿ ಕಣ್ಣಿಗೆ ಬಿತ್ತು. ಅದೇನೆಂದು ಕೇಳಿದರು. ಕಾಗೆಗೆಂದು ನಾನೇ ವಿವರಿಸಿದೆ. ತಿರುಮಲೇಶನಿಗೆ ಬಿಟ್ಟರೆ ಅವನು ಕೃಷಿ ಸಾಲದಿಂದ ಶುರುಮಾಡುತ್ತಿದ್ದ. ಡಾಕ್ಟರ ಮಾಸ್ಕು ಒಂದೆರಡು ಸಲ ಮೇಲೆ ಕೆಳಗೆ ಆಡಿತು. ಆದರೆ ಕಣ್ಣು ಗಂಭೀರವಾಗಿಯೇ ಇತ್ತು.

"ಪರೀಕ್ಷೆ ಆಗಿ ಬರುವವರೆಗೆ ಕೋಳಿಗಳು ಗೂಡಲ್ಲೇ ಇರಲಿ. ನನಗೇನೂ ಅನುಮಾನ ಇಲ್ಲ," ಎಂದರು.

ಗೋಡೆಯ ಆಚೆಯಿಂದ ಒಂದು ದೀರ್ಘವಾದ ನಿಟ್ಟುಸಿರು ಕೇಳಿಸಿತು. ರಾಮಮೋಹನ್ ಗಾರು ಒಂದು ಮಾಸ್ಕು ತೆಗೆದರು.

ಉಳಿದದ್ದು ಪಿಂಡದ ಪ್ರಶ್ನೆ. ಕೋಳಿಯೂ ರೆಕ್ಕೆ ಇರುವ ಪ್ರಾಣಿಯೇ ಅಲ್ಲವೇ ಎಂದು ರಾಮಮೋಹನ್ ಗಾರು ಸಲಹೆ ಕೊಟ್ಟರು. ಶಾಸ್ತ್ರಿಗಳು ಕಿವಿ ಮುಚ್ಚಿಕೊಂಡರು. ಮತ್ತೆ ಅನ್ನ ಮಾಡಬೇಕು, ಕಾಗೆ ಇರುವ ಕಡೆಗೆ ಹೋಗಬೇಕು ಎಂದರು.

"ಕಾಗೆ ಬೇಕಾ?" ಎಂದರು ಡಾಕ್ಟರ್. "ನಾವು ಈಗ ಫಿಷಿಂಗ್ ಹಾರ್ಬರಿಗೇ ಹೋಗ್ತಿದ್ದೀವಿ. ಅಲ್ಲಿ ಹಕ್ಕಿಜ್ವರಕ್ಕೆ ಅಂತ ಕಾಗೆ ಎಣಿಸೋ ಡ್ಯೂಟಿ ಇದೆ. ಹೋದ ವಾರ ಆರುನೂರು ಎಣಿಸಿ ಬಿಟ್ಟುಬಿಟ್ಟೆ. ಬನ್ನಿ, ವ್ಯಾನಲ್ಲಿ ಜಾಗ ಇದೆ."

ಹೀಗೆ ನನ್ನ ಅಕ್ಕನ ಹತ್ತನೆಯ ದಿನದ ಕರ್ಮ ಪಶುಸಂಗೋಪನೆ ಇಲಾಖೆಯ ವ್ಯಾನಿನಲ್ಲಿ ಮುಂದುವರಿಯಿತು. ಮುಂದೆ ಡಾಕ್ಟರ್, ಮಧ್ಯದಲ್ಲಿ ಕನಕಲಕ್ಷ್ಮಿಯೂ ನಾನೂ, ಹಿಂದಿನ ಸೀಟಿನಲ್ಲಿ ಶಾಸ್ತ್ರಿಗಳು, ಅವರ ಎರಡು ಕಡೆಯಲ್ಲಿ ಬಿಳಿ ಉಡುಪಿನವರು. ಕೆಳಗೆ ಹೊಸದಾಗಿ ಬೇಯಿಸಿದ ಅನ್ನದ ಹಿತ್ತಾಳೆ ಪಾತ್ರೆ ಹಿಡಿದು ತಿರುಮಲೇಶ್. ದಾರಿಯಲ್ಲಿ ನೋಡಿದವರು ರೋಗ ಪುರೋಹಿತರಿಗೂ ಹಬ್ಬಿದೆ ಎಂದುಕೊಂಡಿರಬೇಕು; ಎರಡು ಸಿಗ್ನಲ್ಲುಗಳಲ್ಲಿ ನಮಗೆ ದಾರಿ ತಾನಾಗಿಯೇ ಸಿಕ್ಕಿತು. ಫಲಿತಾಂಶ ತಿಳಿಯದೆ ಇರಲಾರದ ರಾಮಮೋಹನ್ ಗಾರು ಸ್ಕೂಟರಿನಲ್ಲಿ ಹಿಂದೆ ಬಂದರು.

ಹಾರ್ಬರಿನಲ್ಲಿ ಕಾಗೆಗಳಿದ್ದವು. ದೋಣಿಗಳ ಮೇಲೆ, ಬುಟ್ಟಿಗಳ ಮೇಲೆ, ಐಸಿನ ರಾಶಿಯ ಮೇಲೆ, ಹೆಂಗಸರ ತಲೆಯ ಮೇಲೆ ಕೂಡ. ಶಾಸ್ತ್ರಿಗಳು ಪಂಚೆಯನ್ನು ಮಂಡಿಯವರೆಗೆ ಎತ್ತಿಕೊಂಡು, ಉಸಿರನ್ನು ಬೇಕಾದಾಗ ಮಾತ್ರ ಎಳೆದುಕೊಳ್ಳುತ್ತ, ಕಟ್ಟೆಯ ತುದಿಯಲ್ಲಿ ಒಂದು ಜಾಗ ತೊಳೆಸಿ ಎಲೆ ಹಾಕಿಸಿದರು. ತಿರುಮಲೇಶ್ ಪಿಂಡ ಇಟ್ಟು ಕೈಮುಗಿದು ನಿಂತ.

ಒಂದು ಕಾಗೆ ಬಂದು ನೋಡಿತು. ಅದರ ಬಾಯಲ್ಲಿ ಸೀಗಡಿಯ ತಲೆ ಇತ್ತು. ಅನ್ನವನ್ನು ಒಂದು ಕಣ್ಣಿನಿಂದ ನೋಡಿ, ಇನ್ನೊಂದು ಕಣ್ಣಿನಿಂದ ನೋಡಿ, ಹಾರಿಹೋಯಿತು. ಆಮೇಲೆ ಬಂದ ಹತ್ತು ಹನ್ನೆರಡು ಕಾಗೆಗಳೂ ಹಾಗೆಯೇ ಮಾಡಿದವು. ಮಾರುದ್ದದ ಮೀನು ಬಿದ್ದಿರುವ ಕಡೆ ತುಪ್ಪದ ಅನ್ನಕ್ಕೆ ಬಾಯಿ ಹಾಕುವ ಕಾಗೆ ಯಾವುದು?

"ಹೋದವರಿಗೆ ಏನೋ ಆಸೆ ಉಳಿದಿದೆ. ಮಾತು ಕೊಡಿ," ಎಂದರು ಶಾಸ್ತ್ರಿಗಳು.

"ಅತ್ತಯ್ಯಾ, ಸಿಂಹಾಚಲದ ನರಸಿಂಹನ ಮೆಟ್ಟಿಲು ಹತ್ತಿ ಬರ್ತೀನಿ," ಎಂದಳು ಕನಕಲಕ್ಷ್ಮಿ. ಕಾಗೆ ಬರಲಿಲ್ಲ.

"ಅಮ್ಮಗಾರೂ, ಮೊಟ್ಟೆ ಬಿಟ್ಟೆ," ಎಂದರು ರಾಮಮೋಹನ್ ಗಾರು. ಸ್ವಲ್ಪ ತಡೆದು, "ಕಾರ್ತೀಕ ಮಾಸದಲ್ಲಿ," ಎಂದು ಸೇರಿಸಿದರು. ಕಾಗೆ ಬರಲಿಲ್ಲ.

ದಿನವೂ ವಿಷ್ಣು ಸಹಸ್ರನಾಮ ಹೇಳುತ್ತೇನೆ ಎಂದು ನಾನು ಮಾತು ಕೊಟ್ಟೆ. ಅದನ್ನು ನಾನು ನಲವತ್ತು ವರ್ಷದಿಂದ ಹೇಳುತ್ತಲೇ ಇದ್ದೇನೆ. ಈ ಸಂಗತಿ ಕಾಗೆಗಳಿಗೆ ಹೇಗೋ ತಿಳಿದಿರಬೇಕು.

ತಿರುಮಲೇಶ್ ಯಾವ ಮಾತೂ ಕೊಡಲಿಲ್ಲ. ಬೋಳು ತಲೆಯ ಮೇಲೆ ಬಿಸಿಲು ಬೀಳುತ್ತಿತ್ತು. ಹನ್ನೊಂದೂವರೆ ಆಯಿತು, ಹನ್ನೆರಡು ಆಯಿತು. ಹಿಂದಿನ ದಿನದಿಂದ ಹೊಟ್ಟೆಯಲ್ಲಿ ಏನೂ ಇಲ್ಲ. ಮುಗಿದ ಕೈ ಇಳಿಸಲಿಲ್ಲ. ಡಾಕ್ಟರ್ ಕಾಗೆ ಎಣಿಸುವುದನ್ನು ನಿಲ್ಲಿಸಿ ಅವನನ್ನು ನೋಡುತ್ತ ನಿಂತರು.

ಹತ್ತಿರದಲ್ಲಿ ಮೀನಿನ ರಾಶಿಯ ಮುಂದೆ ಕುಳಿತ ಹೆಂಗಸೊಬ್ಬಳು, ಅರುವತ್ತರ ಹತ್ತಿರದವಳು, ಆಗಿನಿಂದ ನಮ್ಮನ್ನು ಗಮನಿಸುತ್ತಿದ್ದಳು. ವ್ಯಾಪಾರದ ನಡುವೆಯೇ ಕೂಗಿ ಕೇಳಿದಳು: "ಎವರು ಪೋಯಾರು ಬಾಬೂ?"

"ನಮ್ಮಮ್ಮ," ಎಂದ ತಿರುಮಲೇಶ್. "ನಾನು ಕಾಗೆ ಓಡಿಸಿದೆ. ಈಗ ಅವು ಅಮ್ಮನ ಅನ್ನ ಮುಟ್ತಿಲ್ಲ."

ಅವನು ಹೇಳಿದ್ದು ಕನ್ನಡದಲ್ಲಿ. ಅವಳಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಎಲೆಯನ್ನು ನೋಡಿದಳು, ಕಾಗೆಗಳನ್ನು ನೋಡಿದಳು, ತನ್ನ ಮೀನನ್ನು ನೋಡಿದಳು. ಪಕ್ಕದಲ್ಲಿದ್ದ ನೀಲಿ ಟಾರ್ಪಾಲನ್ನು ಎಳೆದು ಮೀನಿನ ರಾಶಿಯ ಮೇಲೆ ಹೊದಿಸಿದಳು. ಆಮೇಲೆ ಎದ್ದು ನಿಂತು ಸಾಲಿನ ಕೊನೆಯವರೆಗೆ ಕೇಳುವಂತೆ ಕೂಗಿದಳು:

"ಒಸೇ! ಮುಚ್ಚಿರಿ ಎಲ್ಲಾ! ತಾಯಿ ಹೋದವನು ನಿಂತಿದ್ದಾನೆ, ಕಣ್ಣು ಕಾಣಿಸ್ತಾ ಇಲ್ವಾ?"

ಒಬ್ಬಳು ಗೋಣಿ ಹೊದಿಸಿದಳು, ಒಬ್ಬಳು ಬುಟ್ಟಿ ಕವುಚಿದಳು, ಒಬ್ಬಳು ಸೆರಗನ್ನೇ ಬಿಚ್ಚಿ ಹರಡಿದಳು. ಹರಾಜು ಕೂಗುವವನು ಸಿಟ್ಟಿನಿಂದ ಓಡಿಬಂದ. "ವ್ಯಾಪಾರದ ಹೊತ್ತಲ್ಲಿ ಏನಿದು? ಲಾರಿ ನಿಂತಿದೆ!"

"ನಿಂತಿರಲಿ. ನಿನ್ನನ್ನ ಯಾರೂ ಹೆರಲಿಲ್ವಾ?" ಎಂದಳು ಅವಳು.

ಅವನು ಚೀಟಿಯ ಪುಸ್ತಕವನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡ.

ಆ ಕಟ್ಟೆಯ ಮೇಲೆ ಕಣ್ಣಿಗೆ ಬೀಳುವಂತೆ ಉಳಿದ ಆಹಾರವೆಂದರೆ ಒಂದು ಬಾಳೆ ಎಲೆಯಷ್ಟು ಅನ್ನ. ಕಾಗೆಗಳು ಮೇಲೆದ್ದು ಒಂದು ಸುತ್ತು ಹಾಕಿದವು, ಬೈದವು, ಇನ್ನೊಂದು ಸುತ್ತು ಹಾಕಿದವು. ಆಮೇಲೆ ಕತ್ತಿನ ಬೂದುಬಣ್ಣ ಮಾಸಿದ ಮುದಿ ಕಾಗೆಯೊಂದು ಕೆಳಗಿಳಿದು, ಕುಪ್ಪಳಿಸಿಕೊಂಡು ಎಲೆಯ ಬಳಿಗೆ ಬಂದು, ಪಿಂಡಕ್ಕೆ ಕೊಕ್ಕು ಹಾಕಿತು. ಅದರ ಹಿಂದೆ ಎರಡು, ಆರು, ಇಪ್ಪತ್ತು. ಎಲೆ ಕಾಣದಾಯಿತು.

ತಿರುಮಲೇಶ್ ಮೀನಿನ ನೀರು ಹರಿಯುತ್ತಿದ್ದ ನೆಲದ ಮೇಲೆಯೇ ಕುಳಿತುಬಿಟ್ಟ. ಶಾಸ್ತ್ರಿಗಳು ಆಕ್ಷೇಪಿಸಲಿಲ್ಲ. ತಾವೂ ಪಂಚೆಯನ್ನು ಇಳಿಬಿಟ್ಟು, ಹೇಳಬೇಕಾದ ಮಂತ್ರವನ್ನು ಮೊದಲ ಸಲ ಪೂರ್ತಿಯಾಗಿ, ನಿಧಾನವಾಗಿ ಹೇಳಿದರು.

"ಪೇರೇಮಿಟಿ ಬಾಬೂ?" ಎಂದು ಆ ಹೆಂಗಸು ಕೇಳಿದಳು.

"ಗಿರಿಜಮ್ಮ," ಎಂದೆ ನಾನು.

ಅವಳು ಬಕೆಟ್ಟಿನಲ್ಲಿ ಕೈ ತೊಳೆದುಕೊಂಡು, ಎಲೆಯ ಕಡೆಗೆ ತಿರುಗಿ ಕೈಮುಗಿದು, ಮೀನಿನ ಮೇಲಿನ ಟಾರ್ಪಾಲು ಸರಿಸಿದಳು. ಹರಾಜು ಶುರುವಾಯಿತು.

ಸಿಂಹಾದ್ರಿಯ ಅಪ್ಪಾ, ವರಾಹ ನರಸಿಂಹಾ, ನನ್ನ ಅಕ್ಕ ಗಿರಿಜಮ್ಮ ನಿನ್ನ ಕಡೆಗೆ ಹೊರಟಿದ್ದಾಳೆ. ನಡಿಗೆ ನಿಧಾನ, ಎಡಗಣ್ಣು ಸರಿಯಾಗಿ ಕಾಣದು. ಕೈ ಹಿಡಿದು ಕರೆದುಕೋ. ಯಾರಿಗಾದರೂ ಬಡಿಸದೆ ತಾನು ಉಂಡವಳಲ್ಲ. ಈಗ ಅವಳನ್ನು ಮೊದಲು ಕೂರಿಸಿ ಬಡಿಸು. ನಮ್ಮಿಂದ ಆದ ತಪ್ಪನ್ನು ಅವಳ ಲೆಕ್ಕಕ್ಕೆ ಹಾಕಬೇಡ. ಹಸಿವೂ ಕಾಯುವುದೂ ಇಲ್ಲದ ಕಡೆ ಅವಳ ಜೀವಕ್ಕೆ ಶಾಂತಿಯನ್ನು ಕೊಡು.